ಅರ್ಧ ದಿನದ ಮುಟ್ಟು

ನಮ್ಮ ಮನೆಯಲ್ಲಿ ಮುಟ್ಟಾದವರು ಮೂರು ದಿನ ಹೊರಗೆ ಕೂರಬೇಕು. ಹೊಸ ತಿಪ್ಪಸಂದ್ರದ ನಮ್ಮ ಹೊಲದ ಮೇಲೆ ನಾಲ್ಕಂತಸ್ತಿನ ಬಾಡಿಗೆ ಮನೆ ಎದ್ದರೂ ಆ ನೇಮ ಮಾತ್ರ ಅಲುಗಲಿಲ್ಲ. ಊರಮ್ಮನಿಗೆ ತಂಬಿಟ್ಟಿನ ದೀಪ ಹೊರುವ ಹಕ್ಕು ಹಿರಿಯ ಸೊಸೆಯಾದ ನನ್ನದು. ಎರಡು ವರ್ಷ ಸರಿಯಾಗಿ ಹಬ್ಬದ ದಿನವೇ ಹೊರಗಾದೆ. ಅತ್ತೆ ಪಟಾಲಮ್ಮ ದೀಪವನ್ನು ನನ್ನ ಓರಗಿತ್ತಿ ಪದ್ಮಶ್ರೀಯ ತಲೆಗೆ ದಾಟಿಸಿಬಿಟ್ಟರು.

ಪದ್ಮಶ್ರೀ ಮಾರ್ಕೆಟ್ ರೋಡಿನಲ್ಲಿ ಬ್ಲೌಸ್ ಹೊಲಿಯುವವಳು, ಮಾತು ಕಡಿಮೆ. ಅವಳದು ಅರ್ಧ ದಿನದ ಮುಟ್ಟು. ಬಟ್ಟೆಗೆ ನಾಲ್ಕು ಕಲೆ, ಅಷ್ಟೇ. ಮದುವೆಯಾದ ವರ್ಷ ಬಸಿರು ಮೂರನೇ ತಿಂಗಳಿಗೇ ಇಳಿದುಹೋಗಿ, ಆಸ್ಪತ್ರೆಯಲ್ಲಿ ಗರ್ಭ ಕೆರೆದು ತೆಗೆದ ಮೇಲೆ ಹಾಗಾಗಿತ್ತು.

"ಊರಮ್ಮ ಅವ್ಳಿಗೆ ಒಲ್ದವ್ಳೆ ಕಣೇ, ಅದ್ಕೇ ಅರ್ಧ ದಿನಕ್ಕೇ ಮುಗೀತದೆ" ಎಂದು ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಇಷ್ಟು ಕಮ್ಮಿ ಹೋಗುವುದು ಕಾಯಿಲೆಯೇನೋ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಆರು ವರ್ಷ ಕಳೆಯಿತು, ಅವಳಿಗೆ ಮಗುವಾಗಲಿಲ್ಲ.

ಕೊನೆಗೆ ಅವಳ ಗಂಡ, ನನ್ನ ಮೈದುನ ಮುನಿರಾಜ್ ಹಟ ಹಿಡಿದು ಅವಳನ್ನೂ ಅತ್ತೆಯನ್ನೂ ನನ್ನನ್ನೂ ಇಂದಿರಾನಗರದ ಡಾಕ್ಟರಮ್ಮನ ಹತ್ತಿರ ಕಳಿಸಿದ. ಥೈರಾಯ್ಡ್, ತೂಕ, ರಕ್ತ ಎಲ್ಲವೂ ಸರಿಯಿತ್ತು. ಒಳಗೆ ಕ್ಯಾಮೆರಾ ಹಾಕಿ ನೋಡಿದರೆ, ಅಂದು ಕೆರೆದ ಗಾಯ ಮಾಯುವಾಗ ಗರ್ಭಕೋಶದ ಗೋಡೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು.

"ಎಷ್ಟು ವರ್ಷದಿಂದ ಹೀಗೆ ಕಮ್ಮಿ ಹೋಗ್ತಿದೆ?"

"ಆರು ವರ್ಷ ಆಯ್ತು ಮೇಡಂ" ಎಂದರು ಅತ್ತೆ. ಊರಮ್ಮನ ಹೆಸರೆತ್ತಲಿಲ್ಲ.

"ಆಗ್ಲೇ ಯಾಕೆ ಕರ್ಕೊಂಡು ಬರ್ಲಿಲ್ಲ?"

ಅತ್ತೆ ಸೆರಗು ಸರಿಮಾಡಿಕೊಂಡರು.

ಆಪರೇಷನ್ ಮಾಡಿ ಎರಡು ಸಲ ಬಿಡಿಸಿದರು, ಎರಡು ಸಲವೂ ಮತ್ತೆ ಅಂಟಿತು. ಮೂರನೆಯದೇ ಕಡೆಯದು, ಆಮೇಲೆ ಕೊಡುವ ಮಾತ್ರೆ ಮುಗಿದ ಹತ್ತು ದಿನದೊಳಗೆ ಚೆನ್ನಾಗಿ ಮುಟ್ಟಾದರೆ ಮುಂದಿನ ಮಾತು, ಇಲ್ಲದಿದ್ದರೆ ಮಗುವಿನ ಆಸೆ ಬಿಡಿ ಎಂದರು ಡಾಕ್ಟರಮ್ಮ.

ಮುಟ್ಟೆಂದರೆ ಮಾರುದೂರ ಹಾರುತ್ತಿದ್ದ ಅತ್ತೆ ಈಗ ಬೆಳಿಗ್ಗೆ ಎದ್ದು ಬಚ್ಚಲ ಬಾಗಿಲಲ್ಲೇ ಕಾಯತೊಡಗಿದರು.

"ಬಂತೇನಮ್ಮ?"

"ಇಲ್ಲ ಅತ್ತೆ."

ಎಂಟನೇ ದಿನವೂ ಇದೇ, ಹತ್ತನೇ ದಿನವೂ ಇದೇ. ನನಗೆ ಇಬ್ಬರ ಮುಖ ನೋಡಲೂ ಆಗುತ್ತಿರಲಿಲ್ಲ.

ಹನ್ನೊಂದನೇ ದಿನವೂ ಹೊರಗಾಗದ ಪದ್ಮಶ್ರೀ ಬಚ್ಚಲಿಂದ ನೇರ ಅಡುಗೆಮನೆಗೆ ಬಂದು, ನನ್ನ ಪಕ್ಕ ಕೂತು ಅವರೆಕಾಯಿ ಬಿಡಿಸತೊಡಗಿದಳು.

"ಅಕ್ಕಾ, ಇವತ್ತು ಅತ್ತೆ ಕೇಳ್ಲೇ ಇಲ್ಲ" ಎಂದಳು.