ಕಲ್ಲು ಚುಚ್ಚದ ಕಾಲು

ಕೊರೊನಾದ ಮಾಸ್ಕುಗಳು ಜನರ ಮುಖದಿಂದ ಇಳಿದ ಮರುವರ್ಷದ ಮಾತು. ನಾನು ಫಿಸಿಯೋಥೆರಪಿಸ್ಟ್ ಆಗಿ ಅಷ್ಟರಲ್ಲಿ ಇಪ್ಪತ್ತನಾಲ್ಕು ವರ್ಷ ಕಳೆದಿದ್ದವು. ಶಿವಮೊಗ್ಗದ ಆಲ್ಕೊಳದಲ್ಲಿ ಎರಡು ಮಂಚಗಳ ಒಂದು ಸಣ್ಣ ಕ್ಲಿನಿಕ್ ಇಟ್ಟುಕೊಂಡಿದ್ದೆ. ಮಂಗಳವಾರ ಮತ್ತು ಶುಕ್ರವಾರ ಬಸ್ಸಿನಲ್ಲಿ ಭದ್ರಾವತಿಗೆ ಹೋಗಿ, ಅಲ್ಲಿನ ಒಂದು ನರ್ಸಿಂಗ್ ಹೋಮಿನಲ್ಲಿ ರೋಗಿಗಳನ್ನು ನೋಡುತ್ತಿದ್ದೆ. ಎರಡು ವರ್ಷ ಮನೆಯೊಳಗೆ ಕೂತ ಜನ ಆಗ ಒಮ್ಮೆಲೇ ನಡೆಯಲು, ಓಡಲು ಶುರು ಮಾಡಿದ್ದರು. ಅವರ ಮಂಡಿ, ಹಿಮ್ಮಡಿ, ಸೊಂಟಗಳೆಲ್ಲ ನನ್ನ ಬಳಿಗೆ ಬರುತ್ತಿದ್ದವು. ದಿನವೂ ಒಂದೇ ಪ್ರಶ್ನೆ, ಒಂದೇ ಉತ್ತರ. ನಾನು ದಣಿದಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅದನ್ನು ನೆಪವೆಂದು ಹೇಳುತ್ತಿಲ್ಲ, ಅದಿಲ್ಲದೆ ಈ ಕಥೆ ಅರ್ಥವಾಗುವುದಿಲ್ಲ.

ಭದ್ರಾವತಿಯ ಒಂದು ಮೈದಾನದಲ್ಲಿ ಬೆಳಿಗ್ಗೆ ನಡೆಯುವವರದೊಂದು ಬಳಗವಿತ್ತು. ಒಂದು ಭಾನುವಾರ ಮಂಡಿನೋವಿನ ಬಗ್ಗೆ ಮಾತಾಡಲು ನನ್ನನ್ನು ಕರೆದರು. ಸುಮಾರು ನಲವತ್ತು ಜನ ಹುಲ್ಲಿನ ಮೇಲೆ ಕೂತಿದ್ದರು. ಮಾತು ಮುಗಿಯುವ ಹೊತ್ತಿಗೆ ಬ್ಯಾಂಕಿನಲ್ಲಿ ಕೆಲಸ ಮಾಡುವ ಪ್ರಸನ್ನ ಎಂಬ ಯುವಕ ಎದ್ದು ನಿಂತು ತನ್ನ ಕಾಲಿನ ಶೂ ತೋರಿಸಿದ.

"ಮೇಡಂ, ಇದು ಬೇರ್‌ಫೂಟ್ ಶೂ. ಬರಿಗಾಲಲ್ಲಿ ನಡೆದ ಹಾಗೇ ಇರುತ್ತಂತೆ. ಎಕ್ಸರ್‌ಸೈಜ್‌ಗೆ ಇದು ನಿಜವಾಗ್ಲೂ ಒಳ್ಳೇದಾ, ಸುಮ್ನೆ ಫ್ಯಾಷನ್ನಾ?"

ನೋಡಿರದವರಿಗಾಗಿ ಹೇಳುತ್ತೇನೆ: ಈ ಶೂಗಳ ತಳ ತೀರಾ ತೆಳು. ಹಿಮ್ಮಡಿಯ ಕಡೆ ಎತ್ತರವಿರುವುದಿಲ್ಲ, ಬೆರಳುಗಳು ಹರಡಿಕೊಳ್ಳಲು ಮುಂದುಗಡೆ ಅಗಲ ಜಾಗವಿರುತ್ತದೆ. ಮೆತ್ತನೆಯ ಶೂ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪಾದದ ಸಣ್ಣ ಸ್ನಾಯುಗಳೇ ಮಾಡಬೇಕು.

"ಒಳ್ಳೇದೇ. ಪಾದಕ್ಕೆ ಬಲ ಬರುತ್ತೆ. ನಿಧಾನವಾಗಿ ಅಭ್ಯಾಸ ಮಾಡ್ಕೊಳ್ಳಿ" ಎಂದೆ. ಅಷ್ಟೇ. ಚಪ್ಪಾಳೆ ತಟ್ಟಿದರು, ಶಾಲು ಹೊದಿಸಿದರು, ಫೋಟೋ ತೆಗೆದರು. ನನಗೆ ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು.

ಆ ನಲವತ್ತು ಜನರಲ್ಲಿ ಷಣ್ಮುಗಂ ಎಂಬವರೂ ಇದ್ದರು. ಅವರ ಪರಿಚಯವಾದದ್ದು ಒಂದೂವರೆ ತಿಂಗಳ ನಂತರ, ಎಡ ಭುಜ ಮೇಲೆತ್ತಲಾಗದೆ ನರ್ಸಿಂಗ್ ಹೋಮಿಗೆ ಬಂದಾಗ. ಐವತ್ತೊಂಬತ್ತು ವರ್ಷ, ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ಹದಿನಾಲ್ಕು ವರ್ಷದಿಂದ ಸಕ್ಕರೆ ಕಾಯಿಲೆ. ಭುಜದ ಕೀಲು ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಸಕ್ಕರೆ ಕಾಯಿಲೆಯವರಿಗೆ ಹೆಚ್ಚು. ಕಾಯಿಲೆಯ ವಿವರವನ್ನು ನಾನೇ ಫೈಲಿನಲ್ಲಿ ಬರೆದುಕೊಂಡಿದ್ದೆ.

ಮಂಚದ ಮೇಲೆ ಮಲಗಿ ಅವರು ಕಾಲು ಎತ್ತಿ ತೋರಿಸಿದರು. ಕಪ್ಪು ಬಣ್ಣದ, ಕಾಗದದಂಥ ತಳದ ಶೂ.

"ನೀವು ಮೈದಾನದಲ್ಲಿ ಹೇಳಿದ್ರಲ್ಲ ಮೇಡಂ, ಅದೇ. ಮೂವತ್ತು ವರ್ಷ ಕಬ್ಬಿಣದ ಮೂತಿ ಸೇಫ್ಟಿ ಶೂ ಹೊತ್ತೋನು ನಾನು. ಇದ್ರಲ್ಲಿ ಹಕ್ಕಿ ಥರ ಇದೀನಿ. ಆ ಬ್ಯಾಂಕ್ ಹುಡುಗ ಕಲ್ಲು ಚುಚ್ಚುತ್ತೆ, ಕಲ್ಲು ಚುಚ್ಚುತ್ತೆ ಅಂತಾನೆ. ನನಗೆ ಮೊದಲ ದಿನದಿಂದಾನೂ ಏನೂ ಚುಚ್ಚಿಲ್ಲ."

"ಗಟ್ಟಿ ಕಾಲು ನಿಮ್ದು" ಎಂದು ನಕ್ಕು, ನಾನು ಭುಜವನ್ನು ತಿರುಗಿಸುವುದನ್ನು ಮುಂದುವರಿಸಿದೆ. ಹೊರಗೆ ಇನ್ನೂ ಆರು ಜನ ಕಾಯುತ್ತಿದ್ದರು.

ಅಷ್ಟು ತೆಳು ತಳದಲ್ಲಿ ಜಲ್ಲಿ ಮೇಲೆ ನಡೆದರೂ ಚುಚ್ಚುವುದಿಲ್ಲ ಎಂದರೆ ಅದರ ಅರ್ಥವೇನೆಂದು ಫಿಸಿಯೋಥೆರಪಿ ಓದುತ್ತಿರುವ ಹುಡುಗಿಯೂ ಹೇಳಬಲ್ಲಳು. ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮಂಕು ಮಾಡುತ್ತದೆ. ಇದಕ್ಕೆ ನ್ಯೂರೋಪತಿ ಎನ್ನುತ್ತೇವೆ. ನೋವು ತಿಳಿಯದ ಪಾದಕ್ಕೆ ದಪ್ಪ ತಳವೇ ಕಾವಲು. ಇದನ್ನೆಲ್ಲ ನಾನು ಬಲ್ಲೆ. ಅವತ್ತು ಅವರ ಮಾತು ಕಿವಿಗೆ ಬಿತ್ತು, ಅದರಾಚೆ ಹೋಗಲಿಲ್ಲ.

ಮೂರು ವಾರ ಕಳೆದು ಒಂದು ಶುಕ್ರವಾರ ಅವರ ಹೆಂಡತಿ ಕಮಲಮ್ಮ ಜೊತೆಯಲ್ಲಿ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ.

"ಭುಜ ಆಮೇಲೆ ನೋಡಿ ಮೇಡಂ. ಮೊದ್ಲು ಕಾಲು ನೋಡಿ. ಬೆಳಿಗ್ಗೆ ನೆಲ ಒರೆಸ್ತಾ ಇದ್ದೆ, ಇವ್ರು ಓಡಾಡಿದ ಕಡೆಯೆಲ್ಲ ಕಲೆ. ಇವ್ರಿಗೆ ಗೊತ್ತೇ ಇಲ್ಲ."

ಚೀಲದಲ್ಲಿ ಆ ಶೂ ಇತ್ತು. ತಳವನ್ನು ತೂರಿ ಒಂದು ಮೊಳೆ ಒಳಗೆ ಬಂದಿತ್ತು. ಷಣ್ಮುಗಂ ಅವರ ಬಲ ಪಾದದಲ್ಲಿ, ಎರಡನೇ ಬೆರಳಿನ ಬುಡದಲ್ಲಿ ಗಾಯ. ಸುತ್ತ ಊತ, ಬಿಸಿ. ವಾಸನೆಯೂ ಶುರುವಾಗಿತ್ತು. ಮೊಳೆ ಎಂದು ಹೊಕ್ಕಿತೋ ಅವರಿಗೆ ತಿಳಿಯದು. ಎರಡು ದಿನವೋ ಮೂರು ದಿನವೋ, ಆ ಮೊಳೆಯ ಮೇಲೆಯೇ ಮೈದಾನ ಸುತ್ತಿದ್ದರು.

ಡ್ಯೂಟಿ ಡಾಕ್ಟರು ಗಾಯ ತೊಳೆಯುವಷ್ಟರಲ್ಲಿ ನಾನು ಮೋನೋಫಿಲಮೆಂಟ್ ತೆಗೆದೆ. ಅದೊಂದು ನೈಲಾನ್ ಎಳೆ. ಕಣ್ಣು ಮುಚ್ಚಿಸಿ ಪಾದದ ಹತ್ತು ಕಡೆ ಅದನ್ನು ಒತ್ತಿ, ತಿಳಿದಾಗಲೆಲ್ಲ ಹೇಳಿ ಎನ್ನಬೇಕು. ಇಡೀ ಪರೀಕ್ಷೆಗೆ ಹಿಡಿಯುವುದು ಎರಡು ಮೂರು ನಿಮಿಷ. ಗಾಯವಿಲ್ಲದ ಎಡ ಪಾದದ ಮೇಲೆ ಹತ್ತು ಸಲ ಒತ್ತಿದೆ. ಅವರು ಎರಡು ಸಲ "ಹ್ಞೂಂ" ಎಂದರು. ಆಮೇಲೆ ಕಣ್ಣು ಮುಚ್ಚಿಕೊಂಡೇ ಕೇಳಿದರು, "ಒತ್ತಿ ಮೇಡಂ, ಯಾಕೆ ನಿಲ್ಲಿಸಿದ್ರಿ?"

ಪರೀಕ್ಷೆ ಮುಗಿದಿತ್ತು.

ಅವರನ್ನು ಶಿವಮೊಗ್ಗದ ಸರ್ಜನ್ ಒಬ್ಬರಲ್ಲಿಗೆ ಕಳಿಸಬೇಕಾಯಿತು. ಉಳಿದ ರೋಗಿಗಳಿಗೆ ಮಂಗಳವಾರ ಬರಲು ಹೇಳಿ, ಅವರ ಪಕ್ಕದ ಮನೆಯವರು ತಂದ ಕಾರಿನಲ್ಲಿ ನಾನೂ ಕೂತೆ. ದಾರಿಯುದ್ದಕ್ಕೂ ಷಣ್ಮುಗಂ ಒಬ್ಬರೇ ಮಾತಾಡಿದರು. ಶೂಗೆ ಪ್ಯಾಚ್ ಹಾಕಿಸಬಹುದಾ, ಭಾನುವಾರದೊಳಗೆ ನಡೆಯಬಹುದಾ ಎಂದರು.

ಸೋಂಕು ಮೂಳೆಗೆ ಇಳಿದಿತ್ತು. ನಾಲ್ಕನೇ ದಿನ ಎರಡನೇ ಬೆರಳನ್ನು ತೆಗೆದರು. ಇನ್ನೊಂದು ವಾರ ತಡವಾಗಿದ್ದರೆ ಪಾದದ ಮುಂಭಾಗವೇ ಹೋಗುತ್ತಿತ್ತೇನೋ ಎಂದರು ಸರ್ಜನ್.

ಮರುದಿನ ಆಸ್ಪತ್ರೆಗೆ ಹೋದೆ. ಷಣ್ಮುಗಂ ನಿದ್ದೆಯಲ್ಲಿದ್ದರು. ಕಮಲಮ್ಮನ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತು, ಕಲ್ಲು ಚುಚ್ಚುವುದಿಲ್ಲ ಎಂದು ಷಣ್ಮುಗಂ ನನಗೆ ಹೇಳಿದ್ದನ್ನು, ನಾನು ನಕ್ಕು ಸುಮ್ಮನಾದದ್ದನ್ನು ಹೇಳಿದೆ. ಅವತ್ತೇ ಕಾಲು ನೋಡಿದ್ದರೆ ಆ ಶೂ ಬಿಡಿಸಬಹುದಿತ್ತು ಎಂದೂ ಹೇಳಿದೆ.

ಕಮಲಮ್ಮ ಗಂಡನ ಹೊದಿಕೆ ಸರಿಮಾಡಿದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಹಗುರವಾಗುತ್ತಿತ್ತೋ ಏನೋ.

"ಅಷ್ಟು ಜನರ ಮುಂದೆ ಒಳ್ಳೇದು ಅನ್ನೋ ಮೊದ್ಲು, ಇಲ್ಲಿ ಶುಗರ್ ಇರೋರು ಯಾರಿದೀರಪ್ಪ ಅಂತ ಒಂದ್ಸಲ ಕೇಳ್ಬೋದಿತ್ತಲ್ಲ ಮೇಡಂ" ಎಂದರು. "ಇವ್ರು ನನ್ನ ಮಾತು ಕೇಳಲ್ಲ. ನೀವು ಹೇಳಿದ್ದು ಅಂದ್ರೆ ವೇದ."

ಗಾಯ ಮಾಯುವುದಕ್ಕೆ ಹತ್ತು ವಾರ ಹಿಡಿಯಿತು. ಪಾದದ ಮೇಲೆ ಭಾರ ಬೀಳದಂತೆ ವಾಕರ್ ಹಿಡಿದು ನಡೆಯುವುದನ್ನು ನಾನೇ ಕಲಿಸಿದೆ. ಒಂದು ಬೆರಳು ಹೋದರೆ ಅಕ್ಕಪಕ್ಕದ ಜಾಗಕ್ಕೆ ಒತ್ತಡ ಹೆಚ್ಚುತ್ತದೆ, ಅಲ್ಲಿ ಮತ್ತೆ ಗಾಯವಾಗಬಹುದು. ಅದಕ್ಕಾಗಿ ಅಳತೆ ಕೊಟ್ಟು ದಪ್ಪ ತಳದ, ಒಳಗೆ ಮೆತ್ತೆಯಿರುವ ಶೂ ಮಾಡಿಸಿದೆವು. ಅದನ್ನು ನೋಡಿ ಷಣ್ಮುಗಂ ಮುಖ ಸಣ್ಣದು ಮಾಡಿದರು. "ಮತ್ತೆ ಕಾರ್ಖಾನೆಗೆ ಕಳಿಸ್ತಿದೀರಲ್ಲ" ಎಂದರು. ಆದರೂ ಹಾಕಿಕೊಂಡರು. ಪ್ರತಿ ಸಂಜೆ ಕಮಲಮ್ಮ ಅವರ ಎರಡೂ ಪಾದಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಆ ನೋಟ ಇನ್ನು ಅವರ ಬದುಕಿನ ಕೆಲಸ. ಅದಕ್ಕೆ ರಜೆಯಿಲ್ಲ.

ಆಮೇಲೆ ನಾನೇ ಕೇಳಿಕೊಂಡು ಆ ಮೈದಾನಕ್ಕೆ ಹೋದೆ. ಈ ಸಲ ಭಾಷಣ ಮಾಡಲಿಲ್ಲ. ಎಲ್ಲರಿಗೂ ಶೂ, ಸಾಕ್ಸ್ ಬಿಚ್ಚಲು ಹೇಳಿ, ಹುಲ್ಲಿನ ಮೇಲೆ ಕೂತು ಒಬ್ಬೊಬ್ಬರ ಪಾದ ಹಿಡಿದು ಎಳೆ ಒತ್ತಿ ನೋಡಿದೆ. ಬಿಸಿಲೇರುವವರೆಗೂ ಕೂತು ಬೆನ್ನು ಸೆಟೆದುಹೋಯಿತು. ನಾಲ್ವರಿಗೆ ಪಾದದಲ್ಲಿ ಸರಿಯಾಗಿ ಸ್ಪರ್ಶ ತಿಳಿಯುತ್ತಿರಲಿಲ್ಲ. ಅವರಲ್ಲಿ ಒಬ್ಬರು ಅಂಥದೇ ಶೂ ಕೊಳ್ಳಲು ಹೊರಟಿದ್ದರು.

ಪ್ರಸನ್ನನ ಪಾದಗಳಂತೂ ಚೆನ್ನಾಗಿದ್ದವು, ಇದನ್ನೂ ಹೇಳಬೇಕು. ಮೊದಮೊದಲು ದಿನಕ್ಕೆ ಹತ್ತೇ ನಿಮಿಷ ಆ ಶೂನಲ್ಲಿ ನಡೆದು, ಮೀನಖಂಡ ನೋಯತೊಡಗಿದಾಗ ನಿಲ್ಲಿಸಿ, ತಿಂಗಳುಗಟ್ಟಲೆ ತೆಗೆದುಕೊಂಡು ಹೆಚ್ಚಿಸಿದ್ದ. ಈಗ ಅವನ ಬೆರಳುಗಳು ನೆಲವನ್ನು ಹಿಡಿದು ನಿಲ್ಲುತ್ತಿದ್ದವು. "ನನ್ನ ಪ್ರಶ್ನೆಯಿಂದಾನೇ ಆಯ್ತಲ್ವಾ ಮೇಡಂ?" ಎಂದು ಮೆಲ್ಲಗೆ ಕೇಳಿದ. "ಪ್ರಶ್ನೆ ಸರಿ ಇತ್ತು ಕಣಪ್ಪಾ" ಎಂದೆ.

ಆ ಶೂ ಕೊಳ್ಳುವುದು ಸಾರ್ಥಕವೇ ಎಂದು ಜನ ಇಂದಿಗೂ ಕೇಳುತ್ತಾರೆ. ಸ್ಪರ್ಶ ತಿಳಿಯುವ, ಗಾಯವಿಲ್ಲದ ಪಾದಕ್ಕೆ, ಅವಸರವಿಲ್ಲದವರಿಗೆ ಅದು ಒಳ್ಳೆಯದೇ. ನಾಳೆಯೇ ಐದು ಕಿಲೋಮೀಟರ್ ಓಡುತ್ತೇನೆ ಎನ್ನುವವರ ಹಿಮ್ಮಡಿಯ ಸ್ನಾಯುರಜ್ಜುವೋ ಪಾದದ ಮೂಳೆಯೋ ಮುನಿಸಿಕೊಳ್ಳುತ್ತದೆ. ಸ್ಪರ್ಶ ತಿಳಿಯದವರಿಗೆ ಅದು ಬೇಡವೇ ಬೇಡ. ಆದರೆ ಈ ಉತ್ತರವನ್ನು ನಾನೀಗ ಮೈಕಿನಲ್ಲಿ ಹೇಳುವುದಿಲ್ಲ. ಉತ್ತರ ಸರಿಯಿದ್ದರೂ ಎದುರಿಗಿರುವ ಮನುಷ್ಯನಿಗೆ ಅದು ತಪ್ಪಾಗಿರಬಹುದು. ಈ ವೃತ್ತಿ ನನಗೆ ಕಲಿಸಿದ್ದು ಇಷ್ಟೇ, ಕಲಿಯಲು ಇನ್ನೊಬ್ಬರ ಬೆರಳು ಹೋಗಬೇಕಾಯಿತು.

ಮೊನ್ನೆ ಹೊಸಮನೆ ಬಡಾವಣೆಯ ಟೀಚರೊಬ್ಬರು ಬೇರ್‌ಫೂಟ್ ಶೂ ಡಬ್ಬಿ ಹಿಡಿದು ಕ್ಲಿನಿಕ್ಕಿಗೆ ಬಂದರು. ಅವತ್ತಿನ ಹದಿಮೂರನೇ ರೋಗಿ. ನನ್ನ ಕೈಗಳು ಸೋತಿದ್ದವು.

"ಶೂ ಹೇಗಿದೆ ಅಂದ್ರೆ ಸಾಕ್ಸ್ ಬಿಚ್ಚಿ ಅಂತೀರಲ್ಲ ಮಾರಾಯ್ತಿ!" ಎಂದು ನಕ್ಕರು.

"ಕಣ್ಣು ಮುಚ್ಕೊಳ್ಳಿ" ಎಂದೆ. ಒಂದೊಂದೇ ಕಡೆ ಎಳೆಯನ್ನು ಒತ್ತುತ್ತಾ ಹೋದೆ. ಹತ್ತು ಸಲವೂ ಅವರು "ಹ್ಞೂಂ" ಎಂದರು. ಆಮೇಲೆಯೇ ಆ ಡಬ್ಬಿಯ ಮುಚ್ಚಳ ತೆಗೆದು ನೋಡಿದೆ.