ಕುಂಕುಮ ಉಜ್ಜಿದ ಡಿಟೆಕ್ಟರ್

ಕೋವಿಡ್ ಗಲಾಟೆ ತಣ್ಣಗಾದ ವರ್ಷ. ರೇಡಿಯೇಷನ್ ಸೇಫ್ಟಿ ಆಫೀಸರ್ ಕೆಲಸದಿಂದ ರಿಟೈರ್ ಆಗಿ ಕೊಳ್ಳೇಗಾಲದ ಕಾಲೇಜೊಂದಕ್ಕೆ ಅಡ್ವೈಸರ್ ಆಗಿದ್ದೆ. ಕಲ್ಲು ಕ್ವಾರಿಗಳ ಸುತ್ತಲಿನ ಹಳ್ಳಿಗಳಲ್ಲಿ ವಿಕಿರಣ ಅಳೆಯುವ ಸರ್ವೆ ಕಾಲೇಜಿನದು. ಫ್ರಾಂಕ್ಲಿ, ನೋಯುವ ನನ್ನ ಮಂಡಿಗಳಿಗೆ ಆ ಅಲೆದಾಟ ಬೇಡವಾಗಿತ್ತು.

ಹನೂರಿನಾಚೆಯ ಹಳ್ಳಿಯೊಂದರಲ್ಲಿ, ಮೊದಲ ಮನೆಯ ಅಂಗಳದಲ್ಲೇ ವಿಕಿರಣ ಪತ್ತೆಮಾಡುವ ಡಿಟೆಕ್ಟರ್ ಒಂದೇ ಸಮನೆ ಕೂಗಿಕೊಂಡಿತು. ಸರ್ವೆಗೆ ಹೋಗಿದ್ದ ಕಾಲೇಜಿನ ಲೆಕ್ಚರರ್‌ಗಳು ಹೆದರಿ ಹೊರಗೆ ಓಡಿದರು, ಊರೆಲ್ಲ ನೋಡಿತು. ಆ ಮನೆಯ ಪುಟ್ಟಮಾದಮ್ಮ ಎರಡು ಹಸು ಕಟ್ಟಿಕೊಂಡು ಬದುಕುವ ಹೆಂಗಸು. ಮರುದಿನ ಡೈರಿಯವರು ಆಕೆಯ ಹಾಲು ಬೇಡವೆಂದರು. ಆಮೇಲೆ ಕಾಲೇಜಿನಿಂದ ನನಗೆ ಫೋನ್ ಬಂತು.

ಆ ಡಿಟೆಕ್ಟರಿನೊಳಗೆ ಇರುವುದು ಉಗುರಿನಷ್ಟು ಸಿಲಿಕಾನ್ ತುಂಡು. ವಿಕಿರಣ ಬಡಿದಾಗ ಅದರೊಳಗಿನ ಎಲೆಕ್ಟ್ರಾನ್‌ಗಳು ಕಿತ್ತುಕೊಂಡು ಏಳುತ್ತವೆ. ಎದ್ದ ಜಾಗ ಖಾಲಿ ಉಳಿಯುತ್ತದೆ, ಅದಕ್ಕೆ ಹೋಲ್ ಎನ್ನುತ್ತೇವೆ. ವೋಲ್ಟೇಜ್ ಎಲೆಕ್ಟ್ರಾನನ್ನು ಒಂದು ದಿಕ್ಕಿಗೆ, ಹೋಲನ್ನು ಇನ್ನೊಂದು ದಿಕ್ಕಿಗೆ ಎಳೆಯುತ್ತದೆ. ಅವು ಆಚೆ ತುದಿ ಮುಟ್ಟುವವರೆಗೂ ಕಾಯಬೇಕಿಲ್ಲ. ಹೊರಟ ಕ್ಷಣದಲ್ಲೇ ತಂತಿಯಲ್ಲಿ ಕರೆಂಟ್ ಮಿಡಿಯುತ್ತದೆ. ಅದೇ ಸಿಗ್ನಲ್. ತೊಂದರೆಯೆಂದರೆ, ಬರೀ ಬಿಸಿಲು ಬಿದ್ದರೂ ಎಲೆಕ್ಟ್ರಾನ್ ಏಳುತ್ತದೆ. ಅದಕ್ಕೇ ಮುಂಭಾಗದಲ್ಲಿ ಬೆಳಕು ನುಗ್ಗದಂತೆ ತೆಳು ಕಪ್ಪು ಹಾಳೆ ಇರುತ್ತದೆ.

ನಾನು ಹಳ್ಳಿಗೆ ಹೋಗಿ ನೋಡಿದಾಗ, ಅಂಗಳದ ಬಿಸಿಲಲ್ಲಿ ಕೂಗುತ್ತಿದ್ದ ಡಿಟೆಕ್ಟರ್ ಕತ್ತಲ ಕೊಟ್ಟಿಗೆಯೊಳಗೆ ಒಯ್ದೊಡನೆ ತೆಪ್ಪಗಾಯಿತು. ಕನ್ನಡಕ ಏರಿಸಿ ನೋಡಿದೆ: ಹಾಳೆಯ ಮೇಲೆ ಕೂದಲೆಳೆಯ ಗೀರುಗಳು, ಅಂಚಿನಲ್ಲಿ ಕೆಂಪು.

"ನಂಜುಂಡಪ್ಪ, ಇದಕ್ಕೇನು ಮಾಡಿದ್ರಿ?" ಜೊತೆಗೆ ಬಂದಿದ್ದ ಲ್ಯಾಬ್ ಅಟೆಂಡರನ್ನು ಕೇಳಿದೆ.

"ಆಯುಧಪೂಜೆಗೆ ಕುಂಕುಮ ಇಕ್ಕಿದ್ದೆ ಮೇಡಂ. ಆಮೇಲೆ ತೆಂಗಿನ ನಾರಲ್ಲಿ ಉಜ್ಜಿ ತೊಳ್ದೆ."

"ಓ ಗಾಡ್! ಇದಕ್ಕೂ ಪೂಜೆನಾ?"

"ಜೀಪ್‌ಗೆ ಇಕ್ಕಿ ಇದ್ಕೆ ಬುಟ್ರೆ ಆಯ್ತದಾ ಮೇಡಂ?"

ನಗು ಬಂತು. ಪುಟ್ಟಮಾದಮ್ಮನಿಗೆ ಬರಲಿಲ್ಲ.

"ತಪ್ಪು ಮಿಷನ್ನಿಂದು, ನಿಮ್ಮನೇದಲ್ಲ," ಎಂದೆ.

"ಅದು ಕೂಗಿದ್ದ ಊರೇ ಕೇಳ್ತು ಕಣವ್ವ. ಈಗ ಸುಮ್ಗದೆ ಅನ್ನದು ಯಾರ್ ಕಿವಿಗ್ ಬಿದ್ದದು?"

ಸಂಜೆ ಗೀರುಗಳ ಮೇಲೆ ಕಪ್ಪು ಟೇಪ್ ಅಂಟಿಸಿ, ಡೈರಿ ಮುಂದೆ ಆಕೆಯ ಹಾಲಿನ ಮೇಲೆ ಡಿಟೆಕ್ಟರ್ ಹಿಡಿದೆ. ಅದು ಸುಮ್ಮನಿತ್ತು. ಸೆಕ್ರೆಟರಿ ತಲೆ ಕೆರೆದುಕೊಂಡು, "ನಾಳೀಕ್ ನೋಡವ ಬುಡಿ ಮೇಡಂ," ಎಂದ.

ಮರುದಿನವೂ ಅದೇ ಮಾತು. ಆ ವಾರವೆಲ್ಲ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಹೋಗಿ, ಡೈರಿ ಜಗಲಿಯಲ್ಲಿ ಎಲ್ಲರಿಗೂ ಕಾಣುವಂತೆ ಕೂತು, ಆಕೆಯ ಹಾಲಿನ ಕಾಫಿ ಕುಡಿದೆ. ಕೊನೆಗೊಂದು ಸಂಜೆ ಸೆಕ್ರೆಟರಿ ಆಕೆಯ ಹಾಲನ್ನು ಕ್ಯಾನಿಗೆ ಸುರಿದುಕೊಂಡ.

ಕೆಲಸ ನನಗೆ ಕಲಿಸಿದ್ದು ಇಷ್ಟೇ. ಸಿಗ್ನಲ್ ಹುಟ್ಟುವುದಕ್ಕೆ ಒಂದು ಕ್ಷಣ ಸಾಕು. ಅದು ಸುಳ್ಳೆಂದು ಹೇಳುವುದಕ್ಕೆ, ಮಂಡಿ ನೋಯುತ್ತಿದ್ದರೂ, ದಿನಾ ಬಸ್ಸು ಹತ್ತಬೇಕು.