ದೇವರ ಪೆಟ್ಟಿಗೆಯಲ್ಲಿ ಪಾಸ್‌ಪೋರ್ಟ್

ನಮ್ಮ ದೊಡ್ಡಪ್ಪ ಯತ್ತಪ್ಪನ ಬಗ್ಗೆ ಬಿ.ಜಿ. ಕೆರೆಯ ಹೋಟೆಲಿನಲ್ಲಿ ಕೂತವರು ಬಾಯಿಗೆ ಬಂದಂತೆ ಮಾತಾಡುತ್ತಾರೆ. ದೇವರ ಪೆಟ್ಟಿಗೆಗೆ ಕೈ ಹಾಕಿದನಂತೆ, ಯಾವಳೋ ಪರದೇಶದವಳಿಗಾಗಿ ಹಟ್ಟಿಯ ಕಟ್ಟಳೆ ಮುರಿದನಂತೆ. ಕೇಳಿ ಕೇಳಿ ನನಗೆ ಮೈಯೆಲ್ಲ ಉರಿದುಹೋಗಿದೆ. ಅಲ್ರೀ, ನಡೆದದ್ದೇನು ಅಂತ ಇವರಲ್ಲಿ ಒಬ್ಬರಾದರೂ ವಿಚಾರಿಸಿದ್ದಾರಾ? ನಾನು ಗಂಗಲಕ್ಷ್ಮಿ, ಇಲ್ಲಿನ ಹೈಸ್ಕೂಲಿನ ಟೀಚರ್. ಎಲ್ಲವನ್ನೂ ಹತ್ತಿರ ನಿಂತು ನೋಡಿದವಳು, ಅದಕ್ಕೇ ಹೇಳುತ್ತಿದ್ದೇನೆ.

ಯತ್ತಪ್ಪ ನಮ್ಮ ಹಟ್ಟಿಯ ಕಿಲಾರಿ, ಅಂದರೆ ದೇವರ ದನ ಕಾಯುವವನು. ಆ ದನಗಳನ್ನು ನೇಗಿಲಿಗೆ ಹೂಡುವಂತಿಲ್ಲ, ಸಂತೆಯಲ್ಲಿ ಮಾರುವಂತಿಲ್ಲ. ಅವು ಇರುವ ಮುಳ್ಳುಬೇಲಿಯ ರೊಪ್ಪದೊಳಕ್ಕೆ ಚಪ್ಪಲಿ ಮೆಟ್ಟಿ ಕಾಲಿಡುವಂತಿಲ್ಲ. ದೊಡ್ಡಪ್ಪ ಅವನ್ನು ಬಿಟ್ಟು ಒಂದು ಮದುವೆಗೆ ಹೋದವನಲ್ಲ, ನೆಂಟರ ಮನೆಯಲ್ಲಿ ಉಂಡವನಲ್ಲ. ದೊಡ್ಡಮ್ಮ ಯರ್ರಮ್ಮ ಮನೆಗೆ ಬಂದು ಉಣ್ಣು ಅಂತ ಬೈದು ಬೈದು ಸುಸ್ತಾಗಿ, ಕೊನೆಗೆ ಬುತ್ತಿಯನ್ನೇ ರೊಪ್ಪಕ್ಕೆ ಒಯ್ಯತೊಡಗಿದಳು. "ನಿಮ್ ದೊಡ್ಡಪ್ಪಗೆ ನಾನು ಎರಡ್ನೇ ಹೆಂಡ್ತಿ ಕಣವ್ವ" ಅಂತ ನಗುತ್ತಿದ್ದಳು.

ನೀಮಾ ಬಂದದ್ದು ಎರಡು ವರ್ಷದ ಹಿಂದೆ. ತಾಂಜಾನಿಯಾದ ಹುಡುಗಿ, ನಮ್ಮ ದೇಶದ ಕಾಲೇಜೊಂದರಲ್ಲಿ ದನದ ತಳಿಗಳ ಬಗ್ಗೆ ಓದುತ್ತಿದ್ದಳು. ಚಳ್ಳಕೆರೆಯಲ್ಲಿ ರೂಮು ಮಾಡಿಕೊಂಡು, ವಾರಕ್ಕೊಮ್ಮೆ ಬಸ್ಸು ಹತ್ತಿ ನಮ್ಮ ಹಟ್ಟಿಗೆ ಬರುತ್ತಿದ್ದಳು. ಅವಳ ಇಂಗ್ಲಿಷಿಗೂ ಇವರ ಮಾತಿಗೂ ನಡುವೆ ನಾನು. ಮೊದಲ ದಿನ ದೊಡ್ಡಪ್ಪ ಅವಳನ್ನು ಬೇಲಿಯ ಹೊರಗೇ ನಿಲ್ಲಿಸಿದ. "ಇವ್ರ ಕಡೆ ದನಕ್ಕೆ ಹೆಸರಿಡ್ತಾರಾ ಕೇಳು" ಅಂದ. ಅವರ ಮನೆಯಲ್ಲೂ ದನದ ಮಂದೆ ಇತ್ತು, ಅದನ್ನು ನೋಡಿಕೊಳ್ಳುತ್ತಿದ್ದವಳು ಅವಳ ತಾಯಿ. ನೀಮಾ ಆ ಮಂದೆಯ ಒಂದೊಂದೇ ಹಸುವಿನ ಹೆಸರು ಹೇಳುತ್ತಾ ಹೋದಳು. ಮುದುಕನ ಮುಖ ಅರಳಿಬಿಟ್ಟಿತು. "ಚಪ್ಲಿ ಬಿಟ್ಟು ಒಳಗ್ ಬಾ ಪಾಪ" ಅಂತ ತಾನೇ ಬೇಲಿ ಸರಿಸಿದ.

ಈ ಸಲದ ಬೇಸಿಗೆಯಲ್ಲಿ ನೀಮಾಳ ಊರಿಂದ ಸುದ್ದಿ ಬಂತು. ಅವಳ ತಾಯಿಗೆ ಹೃದಯದ ಆಪರೇಷನ್ ಆಗಬೇಕು, ಬದುಕುವುದೇ ಕಷ್ಟ ಅಂತ ಡಾಕ್ಟರು ಹೇಳಿದ್ದರು. ನೀಮಾ ಟಿಕೆಟ್ ಮಾಡಿಸಿ, ಹೊರಡುವ ಮೊದಲು ದೊಡ್ಡಪ್ಪನನ್ನು ಕಂಡು ಹೋಗಲು ಬಂದಳು. ಸಂಜೆ ರೂಮಿಗೆ ಮರಳಿ ನೋಡಿದರೆ ಕೊರಳಿಗೆ ಹಾಕಿಕೊಂಡಿದ್ದ ಬಟ್ಟೆಚೀಲ ಇಲ್ಲ! ಪಾಸ್‌ಪೋರ್ಟು, ವೀಸಾ ಎಲ್ಲ ಅದರಲ್ಲೇ. ನನಗೆ ಫೋನ್ ಮಾಡಿದಳು. ನಾನು ಹಟ್ಟಿಯೆಲ್ಲ ಹುಡುಕಿಸಿದೆ. ದೊಡ್ಡಪ್ಪನನ್ನು ಕೇಳೋಣವೆಂದರೆ ಅವನು ಆಗಲೇ ದನ ಹೊಡೆದುಕೊಂಡು ಗುಡ್ಡದ ಕಡೆ ಹೋಗಿದ್ದ. ಬೇಸಿಗೆಯಲ್ಲಿ ಮೇವು ಹುಡುಕಿ ಹೋದರೆ ಎಲ್ಲಿರುತ್ತಾನೆ, ಎಂದು ಇಳಿಯುತ್ತಾನೆ ಅಂತ ಯಾರಿಗೂ ತಿಳಿಯದು. ಫೋನು ಅವನು ಮುಟ್ಟುವುದೇ ಇಲ್ಲ.

ಮಾರನೆಯ ದಿನ ಅವಳನ್ನು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದೆ. ದೂರಿನ ಪ್ರತಿ ಇಲ್ಲದೆ ಮುಂದಿನ ಯಾವ ಕೆಲಸವೂ ಆಗುವುದಿಲ್ಲ ಅಂತ ಕಾಲೇಜಿನವರು ಮೊದಲೇ ಹೇಳಿದ್ದರು.

"ಯಾರಾದ್ರೂ ಕದ್ದಿರಬಹುದೇನಮ್ಮ? ಹಟ್ಟಿಯವರ ಮೇಲೆ ಅನುಮಾನ ಇದ್ರೆ ಹೇಳ್ಲಿ, ಕಳ್ಳತನ ಅಂತಲೇ ಬರ್ಕೋತೀವಿ" ಅಂದರು ಅಲ್ಲಿನವರು.

ನಾನು ಇಂಗ್ಲಿಷಿನಲ್ಲಿ ಹೇಳುವ ಮೊದಲೇ ನೀಮಾ ತಲೆ ಅಲ್ಲಾಡಿಸಿದಳು. "ಇಲ್ಲ ಸಾರ್, ಅಲ್ಲಿ ಕಳ್ಳರು ಇಲ್ಲ" ಅಂದಳು, ತನಗೆ ಬರುವ ನಾಲ್ಕು ಮಾತಿನ ಕನ್ನಡದಲ್ಲಿ. ಎಲ್ಲೋ ಬಿದ್ದುಹೋಗಿದೆ ಅಂತಲೇ ಬರೆಸಿದಳು.

ಆಮೇಲೆ ದೆಹಲಿಯಲ್ಲಿರುವ ಅವರ ದೇಶದ ಕಚೇರಿಗೆ ಮೇಲ್ ಹೋಯಿತು. ಪಾಸ್‌ಪೋರ್ಟು, ವೀಸಾ ಎರಡರ ಫೋಟೊ ಫೋನಿನಲ್ಲಿ ಇಟ್ಟುಕೊಂಡಿದ್ದಳು, ಪುಣ್ಯಕ್ಕೆ. ಅದಿಲ್ಲದಿದ್ದರೆ ನಾಯಿಪಾಡು. ಒಂದು ಸಲದ ಪ್ರಯಾಣಕ್ಕಾಗುವ ತಾತ್ಕಾಲಿಕ ಪತ್ರ ಕೊಡುತ್ತೇವೆ, ಹಳೆಯ ಪಾಸ್‌ಪೋರ್ಟ್ ರದ್ದು ಮಾಡಿದ್ದೇವೆ, ಇನ್ನು ಅದು ಸಿಕ್ಕಿದರೂ ಬಳಸುವಂತಿಲ್ಲ, ನಮಗೇ ಒಪ್ಪಿಸಬೇಕು ಅಂತ ಉತ್ತರ ಬಂತು. ದೇಶ ಬಿಡಲು ಬೇಕಾದ ಅನುಮತಿಗೆ ಬೆಂಗಳೂರಿನ ವಿದೇಶಿಯರ ಕಚೇರಿಗೂ ಅರ್ಜಿ ಹಾಕಿದೆವು. ಮೊದಲಿನ ವಿಮಾನ ತಪ್ಪಿತು. ಅತ್ತ ಡಾಕ್ಟರು ಮಗಳಿಗಾಗಿ ಆಪರೇಷನ್ ಸ್ವಲ್ಪ ಮುಂದಕ್ಕೆ ಹಾಕಿದರು.

ಕಾಗದ ಎಲ್ಲ ಕೈಗೆ ಬಂದು, ನಾಳೆ ಬೆಳಿಗ್ಗೆ ನೀಮಾ ಹೊರಡಬೇಕು ಅನ್ನುವಾಗ ದೊಡ್ಡಪ್ಪ ಗುಡ್ಡದಿಂದ ಇಳಿದು ಬಂದ. ಚೀಲ ಕಳೆದದ್ದು, ಠಾಣೆಯಲ್ಲಿ ನೀಮಾ ಅಂದದ್ದು ಎಲ್ಲ ಹೇಳಿದೆ.

"ಅಯ್ಯೋ ಶಿವನೇ! ಅದು ಪೆಟ್ಟಿಗೇಲೈತೆ ಕಣವ್ವ!"

ನಮ್ಮ ಹಟ್ಟಿಯಲ್ಲೊಂದು ಪದ್ಧತಿ. ರೊಪ್ಪದೊಳಗೆ ಏನೇ ಬಿದ್ದರೂ ಅದು ದೇವರ ಪಾಲು. ಉಂಗುರವಾಗಲಿ, ಕಾಸಾಗಲಿ, ಕಿಲಾರಿ ಅದನ್ನು ದೇವರ ಪೆಟ್ಟಿಗೆಯ ಮೇಲಿನ ಸೀಳಿನೊಳಗೆ ಹಾಕಬೇಕು. ಕೀಲಿ ಕಿಲಾರಿಯ ಹತ್ತಿರವೇ ಇದ್ದರೂ ಪೆಟ್ಟಿಗೆ ತೆರೆಯುವುದು ಹಬ್ಬದ ದಿನ, ಹಿರಿಯರ ಎದುರಿಗೆ ಮಾತ್ರ. ಅಂದು ಯಾವುದೋ ಹೋರಿಯ ಕೊಂಬಿಗೆ ಸಿಕ್ಕಿ ಚೀಲದ ದಾರ ಹರಿದಿರಬೇಕು. ಹುಡುಗಿ ಹೋದ ಮೇಲೆ ಅದು ಸಗಣಿಯಲ್ಲಿ ಸಿಕ್ಕಿತು. ದೇವರ ಹತ್ತಿರ ಇದ್ದರೆ ಭದ್ರ, ಕೇಳಿಕೊಂಡು ಬಂದಾಗ ಹಿರಿಯರಿಗೆ ಹೇಳಿ ಕೊಡಿಸಿದರಾಯಿತು ಅಂತ ಒರೆಸಿ ಒಳಗೆ ಹಾಕಿದ್ದ. ಇದಕ್ಕೆ ಯಾರನ್ನು ಬೈಯಲಿ?

ಹಿರಿಯ ಪಾತಣ್ಣನ ಹತ್ತಿರ ಹೋದೆವು. ಹಬ್ಬ ಇನ್ನೂ ದೂರ ಇತ್ತು. "ಆ ಪುಸ್ತಕ ಇನ್ ನಡೆಯಲ್ಲ ಅಂತ ನೀನೇ ಅಂತೀಯಲ್ಲವ್ವ. ಮತ್ಯಾಕೆ ದೇವರ ಪೆಟ್ಟಿಗೆ ತೆಗೀಬೇಕು?" ಅಂದ. ಆಮೇಲೆ ದೊಡ್ಡಪ್ಪನ ಕಡೆ ತಿರುಗಿ, "ಯತ್ತಪ್ಪ, ಹೊತ್ತಲ್ಲದ ಹೊತ್ನಲ್ಲಿ ಬೀಗ ತೆಗೆದ್ರೆ ಮತ್ತೆ ದನ ಮುಟ್ಟಂಗಿಲ್ಲ. ಗೊತ್ತೈತಲ್ಲ?" ಅಂದ.

ದಾರಿಯಲ್ಲಿ ನಾನೂ ಅದನ್ನೇ ಹೇಳಿದೆ. "ಬಿಡು ದೊಡ್ಡಪ್ಪ, ಅವಳಿಗೆ ಬೇರೆ ಕಾಗದ ಸಿಕ್ಕೈತೆ. ಇದರಿಂದ ಏನೂ ಆಗಲ್ಲ. ಪೆಟ್ಟಿಗೇಲೈತೆ ಅಂತ ನಾನೇ ಹೇಳ್ತೀನಿ."

"ಬರೀ ಬಾಯ್ಮಾತು ಹೇಳಿದ್ರೆ ಏನಂದ್ಕೋತಾಳೆ? ಕದ್ದು ಇಟ್ಕೊಂಡು ದೇವರ ಹೆಸರು ಹೇಳ್ತಾರೆ ಅಂದ್ಕೊಳ್ಳಲ್ವಾ?" ಅಂದ ದೊಡ್ಡಪ್ಪ. "ಅಷ್ಟು ಕೇಳಿದ್ರೂ ನಮ್ ಮೇಲೆ ಕಳ್ಳತನ ಬರೆಸ್ಲಿಲ್ಲವಲ್ಲವ್ವ ಆ ಪಾಪ. ಅವಳು ಬರಿಗೈಲಿ ಹೋಗ್‌ಬಾರ್ದು."

ಎಷ್ಟು ಬೇಡಿಕೊಂಡೆ, ಬೈದೆ, ಕೇಳಲಿಲ್ಲ. ಬೆಳಗಿನ ಜಾವ ಸ್ನಾನ ಮಾಡಿ, ಕೈಮುಗಿದು, ಬೀಗ ತೆಗೆದ. ಮೊದಲ ಬಸ್ಸಿಗೆ ಚಳ್ಳಕೆರೆಗೆ ಹೋದೆವು. ಬಸ್ ನಿಲ್ದಾಣದಲ್ಲಿ ಚೀಲವನ್ನು ಎರಡೂ ಕೈಯಲ್ಲಿ ಹಿಡಿದು ನೀಮಾಗೆ ಕೊಟ್ಟ. ಎಲ್ಲಿತ್ತು ಅಂತ ನಾನು ಹೇಳಿದೆ. ಅದಕ್ಕೆ ಅವನು ಏನು ತೆರಬೇಕು ಅಂತ ಹೇಳಲು ಹೊರಟರೆ ಕಣ್ಣಲ್ಲೇ ಗದರಿಸಿದ. ಅವಳು ಅವನ ಕೈಯನ್ನು ಹಣೆಗೊತ್ತಿಕೊಂಡು ಅತ್ತಳು.

"ಅಳಬ್ಯಾಡ, ನಿಮ್ಮವ್ವನ ತಾವ ಹೋಗು" ಅಂದ.

ಅದೇ ಸಂಜೆ ಹಿರಿಯರು ದನ ಕಾಯುವ ಕೋಲನ್ನು ಅವನ ಕೈಯಿಂದ ತೆಗೆದು ಹಟ್ಟಿಯ ಹುಡುಗ ಮುತ್ತುರಾಜನಿಗೆ ಕೊಟ್ಟರು, ಇನ್ನು ಅವನೇ ಕಿಲಾರಿ. ದೊಡ್ಡಪ್ಪ ಈಗ ಶೇಂಗಾ ಹೊಲಕ್ಕೆ ಕೂಲಿಗೆ ಹೋಗುತ್ತಾನೆ. ಮನೆಯಲ್ಲೇ ಉಣ್ಣುತ್ತಾನೆ. ಅದನ್ನು ನೋಡಿದರೆ ದೊಡ್ಡಮ್ಮನಿಗೆ ಅಳು ಬರುತ್ತದೆ.

ಮೊನ್ನೆ ನೀಮಾ ಫೋನ್ ಮಾಡಿದಳು. ಆಪರೇಷನ್ನಿಗೆ ಮುಂಚೆ ತಲುಪಿದ್ದಳು. ತಾಯಿ ಬದುಕಿದಳು! ನಾನು ಫೋನ್ ಹಿಡಿದುಕೊಂಡೇ ದೊಡ್ಡಪ್ಪನ ಮನೆಗೆ ಓಡಿದೆ. ಕಟ್ಟೆಯ ಮೇಲೆ ಕೂತಿದ್ದ ಅವನು ಸುದ್ದಿ ಕೇಳಿ ಎರಡೂ ಕೈ ಎತ್ತಿ ಮುಗಿದ. ಪೆಟ್ಟಿಗೆಯ ಸಂಗತಿಯನ್ನೆಲ್ಲ ತಾಯಿಗೆ ಹೇಳಿದೆ ಅಂದಳು ನೀಮಾ. ಹಾಸಿಗೆಯಲ್ಲಿದ್ದ ಆ ತಾಯಿ ಒಂದೇ ಒಂದು ಮಾತು ಕೇಳಿದಳಂತೆ.

"ಆ ಮನುಷ್ಯನ ಹತ್ತಿರ ದನಗಳು ಇನ್ನೂ ಇದ್ದಾವಾ?"

ಆ ತಾಯಿ ಕೇಳಿದ್ದೇನು ಅಂತ ದೊಡ್ಡಪ್ಪನಿಗೆ ಹೇಳಿದೆ. ಬೀದಿಯಲ್ಲಿ ಮುತ್ತುರಾಜ ಮಂದೆ ಹೊಡೆದುಕೊಂಡು ಹೋಗುತ್ತಿದ್ದ. ಎಲ್ಲ ದನಗಳೂ ದಾಟುವ ತನಕ ದೊಡ್ಡಪ್ಪ ನೋಡುತ್ತಾ ಕೂತಿದ್ದ.

"ಇದಾವೆ ಅನ್ನವ್ವ" ಅಂದ. "ಆ ತಾಯಿ ಈಗಷ್ಟೇ ಎದ್ದು ಕೂತವ್ಳೆ."